ಮೂರು ದಿನದ ಗಿಣ್ಣು

ಮೊನ್ನೆ ಹಾಲು ಹಾಕುವವರು, ಹಸು ಕರು ಹಾಕಿದೆ ಅಂತ ಒಂದು ಚೊಂಬು ಗಿಣ್ಣು ಹಾಲು ತಂದುಕೊಟ್ಟರು. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಲು ಇಟ್ಟೆ. ನಮ್ಮ ಈಗಿನ ಮನೆಯ ಇಕ್ಕಟ್ಟು ಅಡುಗೆಮನೆಯಲ್ಲಿ ಆ ವಾಸನೆ ಹರಡಿದ್ದೇ ತಡ, ಹದಿನೇಳು ವರ್ಷದ ಹಿಂದಿನ ಬಾಣಂತಿ ಕೋಣೆ ಕಣ್ಣಮುಂದೆ ಬಂತು. ಜೊತೆಗೆ ಆ ಅಜ್ಜಿ...

ಅವರು ಗುಬ್ಬಿ ಹತ್ತಿರದ ಕಡಬದವರು. ನನ್ನ ಬಾಣಂತನಕ್ಕೆಂದು ಅಮ್ಮ ಅವರನ್ನು ಗುಬ್ಬಿಯ ನನ್ನ ತವರುಮನೆಗೆ ಕರೆಸಿದ್ದರು. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವುದು, ನನಗೆ ಸೊಂಟ ಕಟ್ಟುವುದು, ಸಾಂಬ್ರಾಣಿ ಹೊಗೆ ಹಾಕುವುದು ಅವರ ಕೆಲಸ. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಎಲೆಅಡಿಕೆ ಚೀಲ, ಬಾಯಿ ಮಾತ್ರ ಬಲು ಜೋರು. ನಾನೇನು ಕಮ್ಮಿಯೇ? ಬಿ.ಎಡ್. ಮುಗಿಸಿದ ಟೀಚರಮ್ಮ ಅನ್ನುವ ಕೊಬ್ಬು ನನಗೆ. ಬಂದ ದಿನದಿಂದಲೇ ಇಬ್ಬರಿಗೂ ಜಟಾಪಟಿ.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೆತ್ತ ಮೊದಲ ಮೂರು ದಿನ ಹಳದಿಯಾಗಿ, ಗಟ್ಟಿಯಾಗಿ ಹಾಲು ಬರುತ್ತದಲ್ಲ, ಅದು ಮಗುವಿಗೆ ಅರಗುವುದಿಲ್ಲ ಅಂತ ಬಟ್ಟಲಿಗೆ ಹಿಂಡಿ ತೆಂಗಿನ ಬುಡಕ್ಕೆ ಚೆಲ್ಲುತ್ತಿದ್ದರು. ಅಷ್ಟು ದಿನ ಮಗುವಿಗೆ ಸಕ್ಕರೆ ನೀರು. ಹಾಗೆ ಮಾಡಬೇಡಿ ಅಂತ ಆಸ್ಪತ್ರೆಯ ನರ್ಸು ಹೇಳಿಯೇ ಕಳಿಸಿದ್ದರು. ಹೆರಿಗೆಯಾದ ದಿನವೇ ಮನೆಗೆ ಬಂದೆವು, ಆಮೇಲೆ ಅಮ್ಮನ ಮಾತೇ ನಡೆಯಿತು. ಓದಿದ ನಾನೂ ಹೂಂ ಅಂದೆ.

ಕೆರಳಿದವರು ಅಜ್ಜಿ ಒಬ್ಬರೇ. "ಹಸೀನ್ ಗಿಣ್ಣಾದ್ರೆ ಬೀದಿಗೆಲ್ಲ ಹಂಚ್ಕೊಂಡ್ ತಿಂತೀರ. ನಿನ್ ಗಿಣ್ಣು ನಿನ್ ಮಗೀಗೆ ವಿಷವೇನವ್ವ?"

"ಹೇಳಿದಷ್ಟು ಮಾಡಿ ಅಜ್ಜಿ," ಅಂದೆ. ಅವರು ಗೊಣಗುತ್ತ ಬಟ್ಟಲು ಎತ್ತಿಕೊಂಡು ಹೋದರು.

ಮೂರನೇ ದಿನ, ಸಕ್ಕರೆ ನೀರು ಕುಡಿಸುವ ಬೆಳ್ಳಿ ಒಳಲೆಯನ್ನು ಕೈಗೆತ್ತಿಕೊಂಡರೆ ಅದರ ಮೂತಿಯಲ್ಲಿ ಹಳದಿ ಹಾಲಿನ ಕರೆ! ಹಸಿಗೂಸಿಗೆ ಕದ್ದು ಹಸುವಿನ ಹಾಲು ಕುಡಿಸಿದ್ದಾರೆ ಅಂತ ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದ ಹಾಗೆ ಬೈದೆ.

"ಹಸೀಂದಲ್ಲ ಕಣವ್ವ," ಅಂದರು ಅಜ್ಜಿ. ಅಷ್ಟೇ.

"ಸುಳ್ಳು ಬೇರೆ ಹೇಳ್ತೀರಾ?" ಅಂದೆ. ಅವತ್ತೇ ಮಧ್ಯಾಹ್ನ ಅವರನ್ನು ಬಸ್ಸು ಹತ್ತಿಸಿ ಕಳಿಸಿಬಿಟ್ಟೆವು. ಹೊರಡುವಾಗ ಮಗುವಿನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ಗೋಡೆ ಕಡೆ ಮುಖ ತಿರುಗಿಸಿಕೊಂಡೆ.

ಆಮೇಲೆ ಮಗುವನ್ನು ಎದೆಗೆ ಹೇಗೆ ಹಿಡಿಸಬೇಕು ಅಂತ ತೋರಿಸಿಕೊಡುವವರೇ ಇರಲಿಲ್ಲ. ಅಮ್ಮನಿಗೆ ಅಷ್ಟು ತಾಳ್ಮೆಯಿರಲಿಲ್ಲ. ಮಗು ಅಳುವುದು, ನಾನೂ ಅಳುವುದು... ಎರಡು ತಿಂಗಳಿಗೆಲ್ಲ ಡಬ್ಬಿ ಹಾಲಿನ ಪುಡಿಗೆ ಶರಣಾದೆ.

ಇದೆಲ್ಲ ಮರೆತೇಹೋಗಿತ್ತು. ಹೋದ ತಿಂಗಳು ನನ್ನ ಗಂಡನಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಬೇಕಾಯಿತು. ಮಗಳ ರಕ್ತವನ್ನೂ ಒಮ್ಮೆ ನೋಡಿಬಿಡೋಣ ಅಂದರು ಡಾಕ್ಟರು. ಪಿಯುಸಿ ಓದುವ, ಕಡ್ಡಿ ಹಾಗಿರುವ ಹುಡುಗಿಗೆ ಕೊಲೆಸ್ಟ್ರಾಲ್ ಜಾಸ್ತಿ! ಅದೂ ಇದೂ ವಿಚಾರಿಸುತ್ತ, ಎದೆಹಾಲು ಎಷ್ಟು ತಿಂಗಳು ಕುಡಿಸಿದಿರಿ ಅಂತಲೂ ಕೇಳಿದರು. ಎರಡೇ ತಿಂಗಳು ಅಂದೆ.

"ಎದೆಹಾಲು ಕುಡಿದ ಮಕ್ಕಳಿಗೆ ಮುಂದೆ ಕೊಲೆಸ್ಟ್ರಾಲ್ ಸ್ವಲ್ಪ ಕಮ್ಮಿ ಇರಬಹುದು ಅಂತಾರಮ್ಮ, ಖಂಡಿತವಾಗಿ ಹೇಳೋಕಾಗಲ್ಲ. ಇವಳಿಗೆ ಅಪ್ಪನ ಕಡೆಯಿಂದ ಬಂದಿರೋ ಹಾಗಿದೆ. ನೀವು ತಲೆಗೆ ಹಚ್ಕೋಬೇಡಿ," ಅಂದರು ಡಾಕ್ಟರು. ಸರಿ ಅಂತ ತಲೆಯಾಡಿಸಿ ಬಂದೆ. ಆದರೆ ಮನಸ್ಸು ಕೇಳಬೇಕಲ್ಲ. ಡಬ್ಬಿ ಹಿಡಿಸಿದ್ದು ಹಾಗಿರಲಿ, ಮೊದಲ ಹಾಲನ್ನೂ ಮಣ್ಣುಪಾಲು ಮಾಡಿಸಿದವಳು ನಾನೇ ತಾನೆ?

ನಿನ್ನೆ, ಉಳಿದಿದ್ದ ಗಿಣ್ಣನ್ನು ಡಬ್ಬಿಗೆ ತುಂಬಿಕೊಂಡು ಕಡಬಕ್ಕೆ ಹೋದೆ. ಅಜ್ಜಿ ಬೈದರೂ ಸರಿ, ಅನ್ನಿಸಿಕೊಂಡು ಬರೋಣ ಅಂತ. ಕೆರೆ ಏರಿಯ ಹತ್ತಿರ ಅವರ ಮನೆ. ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು. ಬಾಗಿಲಿಗೆ ಬಂದದ್ದು ಅವರ ಸೊಸೆ. ನಾನು ಗುಬ್ಬಿಯ ಬಾಣಂತಿ ಅಂದ ಕೂಡಲೇ ನಕ್ಕುಬಿಟ್ಟರು.

"ಓ, ಟೀಚರಮ್ಮನಾ? ನಮ್ಮತ್ತೆ ನಿಮ್ ವಿಷ್ಯ ಹೇಳ್ತಾನೇ ಇದ್ರು ಕಣಕ್ಕ. ಮಗೀಗೆ ನೀರ್ ಹಾಕೋ ಹೊತ್ನಲ್ಲಿ, ನೀವ್ ಚೆಲ್ಲೋಕ್ ಕೊಟ್ಟಿದ್ ಹಾಲ್ನ ಬಚ್ಚಲಮನೇಲಿ ಕೂತ್ಕಂಡು ಒಳಲೇಲಿ ಕುಡಿಸ್ಬುಟ್ರಂತೆ. ಮೂರ್ ದಿನಾನೂ. ಒಂದ್ ತೊಟ್ಟೂ ಚೆಲ್ಲಿಲ್ಲ ಅನ್ನೋರು."

"ನಾನು ಅಷ್ಟು ಬೈದಾಗ ಹೇಳಬಹುದಿತ್ತಲ್ಲ?"

"ಹೇಳಿದ್ರೆ, ಮಗೀಗೆ ಒಂದ್ ಹೊಟ್ಟೆನೋವ್ ಬಂದ್ರೂ ಆ ಹಾಲಿಂದ್ಲೇ ಬಂತು ಅಂತಿದ್ರಿ ನೀವು. ಬೈಗುಳ ನಂಗೇ ಇರ್ಲಿ ಬುಡು, ಅನ್ನೋರು."

ಅಲ್ಲೇ ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ. ಒಳಲೆಯ ಮೂತಿಯಲ್ಲಿದ್ದ ಹಳದಿ ಬಣ್ಣ ಅವತ್ತೇ ನನ್ನ ಕಣ್ಣಿಗೆ ಬಿದ್ದಿತ್ತು. ಟೀಚರಮ್ಮನಿಗೆ ಹೊಳೆಯಲಿಲ್ಲ. ಹಸೀಂದಲ್ಲ ಅಂತ ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು... ಆ ಮೂರು ದಿನದ ಹಾಲಿನಿಂದ ಮಗಳ ರಿಪೋರ್ಟು ಬದಲಾಗುವುದಿಲ್ಲ ಅಂತ ನನಗೂ ಗೊತ್ತು. ಆದರೂ ರಾತ್ರಿ ಬಹಳ ದಿನದ ಮೇಲೆ ಕಣ್ಣುತುಂಬ ನಿದ್ದೆ ಬಂತು.

ಇವತ್ತು ಬೆಳಿಗ್ಗೆ ಮಗಳು ಡಾಕ್ಟರು ಹೇಳಿದ ವಾಕಿಂಗ್ ಮುಗಿಸಿ ಬಂದವಳೇ ಫ್ರಿಜ್ ತೆಗೆದಳು. "ಅಮ್ಮಾ, ಗಿಣ್ಣೆಲ್ಲಿ? ಯಾರಿಗೆ ಕೊಟ್ಬಿಟ್ಟೆ?"

"ನಿನಗೆ ಮೊದಲನೇ ಗಿಣ್ಣು ಕುಡಿಸಿದೋರ ಮನೆಗೆ," ಅಂದೆ.

"ಯಾರಮ್ಮಾ ಅವ್ರು? ನನ್ನೂ ಕರ್ಕೊಂಡ್ ಹೋಗ್ಬಾರ್ದಿತ್ತಾ?"

ಎರಡು ವರ್ಷದ ಹಿಂದಾದರೂ ಹೋಗಬೇಕಿತ್ತು ಮಗಳೇ ಅನ್ನಲು ಹೋದೆ. ಅದರ ಬದಲು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಳಲೆಯ ಕಥೆ ಹೇಳಲು ಶುರು ಮಾಡಿದೆ.