ಉಳಿಗಳು ಮಲಗಿದ ದಿನ

ಬೆಳಿಗ್ಗೆ ಎಂಟೂಕಾಲು. ಗೌರಿ ಗಣೇಶ ಹಬ್ಬ ಮುಗಿದ ಮರುವಾರದ ಸೋಮವಾರ. ಶಿವಾರಪಟ್ಟಣದ ನಮ್ಮ ಮನೆಯ ಅಂಗಳಕ್ಕೆ ಕಲ್ಲು ತುಂಬಿದ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಹಿಂದಕ್ಕೆ ಬರುವಾಗ ಲಾರಿಗಳು ಹಾಡುವ ರಾಗವೊಂದಿದೆಯಲ್ಲ, ಅದು ಬೀದಿಗೆಲ್ಲ ಕೇಳುತ್ತಿತ್ತು. ಅದೇ ಲಾರಿಯ ಹಿಂದೆ, ಚಕ್ರದ ನೇರಕ್ಕೆ, ನನ್ನ ಎರಡೂವರೆ ವರ್ಷದ ಮಗಳು ಚಾರ್ವಿ ಕೂತು ಕಲ್ಲಿನ ಚಕ್ಕೆ ಆರಿಸುತ್ತಿದ್ದಳು. ಬೀದಿಗೆಲ್ಲ ಕೇಳಿದ್ದು ಅವಳೊಬ್ಬಳಿಗೆ ಕೇಳಲಿಲ್ಲ.

ನಾನು ಒಳಗಿದ್ದೆ. ಅವಳು ಕಿವಿಯಿಂದ ಕಿತ್ತೆಸೆದ ಯಂತ್ರವನ್ನು ಮಂಚದ ಕೆಳಗೆ ಹುಡುಕುತ್ತಿದ್ದೆ. ಹೊರಗಿನಿಂದ ನನ್ನ ಮಾವನ ಕೂಗು, ಹಿಂದೆಯೇ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಓಡಿ ಬಂದಾಗ ಮಾವ ಕೈಯಲ್ಲಿದ್ದ ಸುತ್ತಿಗೆಯಿಂದ ಲಾರಿಯ ಮೈಗೆ ಹೊಡೆಯುತ್ತಲೇ ಇದ್ದರು. ಲಾರಿ ನಿಂತಿತ್ತು. ಮಗಳ ಲಂಗದ ಅಂಚು ಚಕ್ರದ ನೆರಳಿನಲ್ಲಿತ್ತು. ಅವಳು ತಲೆಯೆತ್ತಿ, ಒಂದು ಚಕ್ಕೆಯನ್ನು ನನಗೆ ತೋರಿಸಿ ನಕ್ಕಳು.

ಮುಳಬಾಗಿಲು ಕಡೆಯ ಆ ಡ್ರೈವರ್ ಇಳಿದವನೇ ತಲೆ ಹಿಡಿದು ಕುಸಿದ. "ದೇವುಡಾ! ಅಷ್ಟೊತ್ತಿಂದ ರಿವರ್ಸ್ ಸೌಂಡು ಬಡ್ಕೋತಾ ಐತೆ, ಪಾಪ ಎದ್ದೋಗ್ಬಾರ್ದಾ?"

"ಅದಕ್ಕೆ ಕಿವಿ ಕೇಳ್ಸಲ್ಲಪ್ಪ," ಎಂದರು ಮಾವ. ಆಪರೇಷನ್ ಆದ ಮೇಲೆ ಆ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ.

ವಿನಾಯಕನನ್ನು ನಂಬಿ ನಡೆಯುವ ನಿಮ್ಮೆಲ್ಲರ ಮುಂದೆ ಈ ಅನುಭವ ಹೇಳಿಕೊಳ್ಳಬೇಕೆಂದು ಎಷ್ಟೋ ಸಲ ಬರೆಯಲು ಕೂತೆ. ಪ್ರತಿ ಸಲವೂ ಆ ಲಂಗದ ಅಂಚಿನ ಹತ್ತಿರ ಬಂದು ಕೈ ನಿಲ್ಲುತ್ತಿತ್ತು. ಇವತ್ತು ಅದನ್ನು ದಾಟಿದ್ದೇನೆ.

ಚಾರ್ವಿ ಹುಟ್ಟಿನಿಂದ ಕಿವುಡಿ. ಬೆಂಗಳೂರಿನ ಆಸ್ಪತ್ರೆಯಲ್ಲಿ ಬೇಸಿಗೆಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಮಾಡಿದರು. ತಲೆಯ ಚರ್ಮದ ಕೆಳಗೆ ಒಂದು ಭಾಗ, ಹೊರಗೆ ಕಿವಿಯ ಮೇಲೆ ಇನ್ನೊಂದು. ಹೊರಗಿನ ಯಂತ್ರದಿಂದ ಹೊರಟ ತಂತಿಯ ತುದಿಯಲ್ಲಿ ಕಾಯಿಲ್ ಎಂಬ ಬಿಲ್ಲೆ. ಅದು ಆಯಸ್ಕಾಂತದಿಂದ ತಲೆಗೆ ಅಂಟಿಕೊಂಡಿದ್ದರೆ ಮಾತ್ರ ಮಗುವಿಗೆ ಶಬ್ದ. ಕಿತ್ತರೆ ಏನೂ ಇಲ್ಲ. ಗಾಯ ಮಾಗಿದ ಮೇಲೆ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ, ಎಷ್ಟು ಮೆಲ್ಲಗಿನ ಸದ್ದು ಕೇಳಬೇಕು, ಎಷ್ಟು ಜೋರನ್ನು ತಡೆದುಕೊಳ್ಳಬಲ್ಲಳು ಎಂದು ಹೊಂದಿಸುತ್ತಾರೆ. ಮ್ಯಾಪಿಂಗ್ ಎನ್ನುತ್ತಾರೆ. ದೊಡ್ಡವರಾದರೆ ಬಾಯಿಬಿಟ್ಟು ಹೇಳುತ್ತಾರೆ. ಮಕ್ಕಳ ವಿಷಯದಲ್ಲಿ ಅವರ ಮುಖ ನೋಡಿ, ತಾಯಿ ತಂದೆ ಹೇಳಿದ್ದನ್ನು ಕೇಳಿ ಹೊಂದಿಸಬೇಕು.

ಶ್ರಾವಣದಲ್ಲಿ ಯಂತ್ರ ಚಾಲೂ ಮಾಡಿದ ದಿನ ಆಡಿಯಾಲಜಿಸ್ಟ್ ಮೇಡಂ ಕೇಳಿದ್ದರು: "ಮನೆ ಮೇನ್ ರೋಡಲ್ಲಿದ್ಯಾ? ಸುತ್ತಮುತ್ತ ಗಲಾಟೆ ಹೇಗೆ?"

"ಇಲ್ಲ ಮೇಡಂ, ನಮ್ದು ಹಳ್ಳಿ. ತುಂಬಾ ಪ್ರಶಾಂತವಾಗಿರುತ್ತೆ," ಎಂದರು ನನ್ನ ಗಂಡ ಮಂಜುನಾಥ್, ಸ್ವಲ್ಪ ಹೆಮ್ಮೆಯಿಂದಲೇ. ನಾನೂ ತಲೆಯಾಡಿಸಿದೆ.

ಮೇಡಂ ನಾಲ್ಕು ಪ್ರೋಗ್ರಾಂ ಹಾಕಿಕೊಟ್ಟರು. ಮೊದಲನೆಯದು ಮೆಲ್ಲಗೆ, ಕೊನೆಯದು ಜೋರು. ಮಗು ಒಗ್ಗಿಕೊಂಡಂತೆ ವಾರಕ್ಕೊಂದು ಏರಿಸಬೇಕು. ಆಸ್ಪತ್ರೆಯ ಕೋಣೆಯಲ್ಲಿ ಚಾರ್ವಿ ಮೇಡಂ ಅಲ್ಲಾಡಿಸಿದ ಕಾಳಿನ ಡಬ್ಬಿಯ ಸದ್ದಿಗೆ ಕಣ್ಣರಳಿಸಿದ್ದಳು. ಮನೆಗೆ ಬಂದ ಮರುದಿನವೇ ಕಿರುಚಾಟ ಶುರುವಾಯಿತು. ಯಂತ್ರ ಹಾಕಿದ ಸ್ವಲ್ಪ ಹೊತ್ತಿಗೆ ಎರಡೂ ಕೈಯಲ್ಲಿ ತಲೆ ಒತ್ತಿಕೊಳ್ಳುವಳು, ಕಾಯಿಲ್ ಕಿತ್ತು ಎಸೆಯುವಳು, ಗೋಡೆಯ ಮೂಲೆಗೆ ಮುಖ ತಿರುಗಿಸಿ ಕೂರುವಳು. ನಾನು ಬಿ.ಎಸ್ಸಿ. ಓದಿದವಳು, ಕೂತು ಯೋಚಿಸಿದೆ. ಸರಿಯಾಗಿ ಕೇಳಿಸುತ್ತಿಲ್ಲ, ಅದಕ್ಕೇ ಕಿರಿಕಿರಿ ಎಂದುಕೊಂಡೆ. ಎರಡನೆಯದಕ್ಕೆ ಏರಿಸಿದೆ. ಆಮೇಲೆ ಮೂರನೆಯದಕ್ಕೆ.

ಮತ್ತೆ ಮತ್ತೆ ಆಸ್ಪತ್ರೆಗೆ ಅಲೆದೆವು: ಬಸ್ಸಿನಲ್ಲಿ ಮಾಲೂರು, ಅಲ್ಲಿಂದ ಬೆಂಗಳೂರಿಗೆ ರೈಲು, ಮತ್ತೆ ಬಸ್ಸು. ರೈಲಿನಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುವರು: "ಏನಮ್ಮಾ ಅದು, ಪಾಪುಗೆ ಬ್ಲೂಟೂತ್ ಇಕ್ಕಿದ್ದೀಯಾ?" ಮೊದಮೊದಲು ವಿವರಿಸುತ್ತಿದ್ದೆ. ಆಮೇಲೆ ಹೂಂ ಎಂದುಬಿಡುತ್ತಿದ್ದೆ. ಆಸ್ಪತ್ರೆಯ ಕೋಣೆಯಲ್ಲಿ ಮಾತ್ರ ಮಗಳು ಸುಮ್ಮನೆ ಹಾಕಿಸಿಕೊಳ್ಳುವಳು. ಮನೆಗೆ ಬಂದರೆ ಅದೇ ಕಥೆ.

"ದಿನಪೂರ್ತಿ ಹಾಕ್ಲೇಬೇಕು. ಈ ವಯಸ್ಸಲ್ಲಿ ಶಬ್ದ ಸಿಗದಿದ್ರೆ ಮಿದುಳು ಆ ಜಾಗಾನ ಬೇರೆ ಕೆಲಸಕ್ಕೆ ಕೊಟ್ಬಿಡುತ್ತೆ. ಆಮೇಲೆ ಇಂಪ್ಲಾಂಟ್ ಇದ್ದೂ ಮಾತು ಬರೋದು ಕಷ್ಟ," ಎಂದರು ಮೇಡಂ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಲಾರಿಯ ಘಟನೆಯಾದ ಮೇಲೆ ನಾನು ಸೋತೆ. ಯಂತ್ರವನ್ನು ಡಬ್ಬಿಯಲ್ಲಿಟ್ಟು ಮುಚ್ಚಿದೆ. ಮಗುವಿನ ತಲೆ ಕೊಯ್ಯಿಸಿ ಅವಳಿಗೆ ಹಿಂಸೆಯನ್ನಷ್ಟೇ ಕೊಟ್ಟೆನೆಂದು ಅನಿಸಿತು. ನಿದ್ದೆ ಹತ್ತಿದರೆ ಆ ರಾಗ ಕೇಳುತ್ತಿತ್ತು. ಬೆಚ್ಚಿ ಎದ್ದು ಮಗಳ ಕಾಲು ಮುಟ್ಟಿ ನೋಡುತ್ತಿದ್ದೆ. ಮಂಜುನಾಥ್ ಅವರೂ ಎಚ್ಚರವಾಗಿಯೇ ಇರುತ್ತಿದ್ದರು.

ಮಾವ ಶಿಲ್ಪಿ. ಆಗ ಶ್ರೀನಿವಾಸಪುರದ ಕಡೆಯ ಹಳ್ಳಿಯೊಂದಕ್ಕೆ ಆಳೆತ್ತರದ ಗಣಪನನ್ನು ಕೆತ್ತುತ್ತಿದ್ದರು. ಅವರು ಊಟಕ್ಕೆ ಎದ್ದಾಗ ನಾನು ಅದರ ಮುಂದೆ ನಿಲ್ಲುತ್ತಿದ್ದೆ. ಮೊರದಗಲದ ಕಿವಿಗಳು ಆಗಲೇ ಮೂಡಿದ್ದವು. "ಇಷ್ಟಗಲ ಕಿವಿ ಇಟ್ಟುಕೊಂಡಿದ್ದೀಯಲ್ಲ ತಂದೆ, ಒಂದು ಚೂರು ಶಬ್ದ ನನ್ನ ಮಗುವಿಗೆ ಕೊಡು," ಎಂದು ಒಂದು ದಿನ ಕಣ್ಣೀರಿಟ್ಟೆ. ಮಾವ ಕೈ ತೊಳೆದುಕೊಂಡು ಬಂದವರು ನೋಡಿಬಿಟ್ಟರು.

"ಅದಿನ್ನೂ ಕಲ್ಲು ಕಣಮ್ಮ. ಪ್ರತಿಷ್ಠೆ ಆಗಿ ಕಣ್ಣು ತೆರೆಯೋವರ್ಗೂ ದೇವರಲ್ಲ. ಕೈ ಮುಗೀಬಾರ್ದು."

"ಮತ್ತೆ ಯಾರಿಗೆ ಮುಗೀಲಿ ಮಾವ?"

ಅವರು ಉಳಿ ಎತ್ತಿಕೊಂಡರು.

ಆಯುಧಪೂಜೆ ಬಂತು. ಅಂದು ನಮ್ಮ ಊರಿನಲ್ಲಿ ಉಳಿ, ಸುತ್ತಿಗೆ, ಕಲ್ಲು ಕೊಯ್ಯುವ ಮಿಷನ್ನು ಎಲ್ಲವನ್ನೂ ತೊಳೆದು ಪೂಜೆಗಿಡುತ್ತಾರೆ. ಮರುದಿನದವರೆಗೆ ಯಾರೂ ಕೆಲಸಕ್ಕೆ ಮುಟ್ಟುವುದಿಲ್ಲ. ನಮ್ಮ ಅತ್ತೆ ಉಳಿಗಳ ಸಾಲಿನ ಕೊನೆಗೆ ಚಾರ್ವಿಯ ಯಂತ್ರವನ್ನೂ ತಂದಿಟ್ಟು ಕುಂಕುಮದ ಬಟ್ಟಲು ಎತ್ತಿಕೊಂಡರು.

"ಅತ್ತೆ, ಬೇಡ! ಮೈಕಿನ ತೂತಿಗೆ ಹೋಗುತ್ತೆ!"

"ಇಷ್ಟ್ ದಿನ ಸೋಪು ಹಾಕಿ ಕೈ ತೊಳ್ದು ಮುಟ್ಟಿದ್ಯಲ್ಲ, ಏನ್ ಕೊಡ್ತು? ಒಂದ್ ಬೊಟ್ಟು ತಡ್ಕೊಳ್ಳಲ್ವಾ ನಿನ್ ಮಿಷನ್ನು?" ಎಂದು ಗೊಣಗಿ, ಡಬ್ಬಿಯ ಮುಚ್ಚಳಕ್ಕೆ ಬೊಟ್ಟಿಟ್ಟರು.

ಮಂಗಳಾರತಿ ಆದ ಮೇಲೆ ಮಾವ ಡಬ್ಬಿಯನ್ನು ಎತ್ತಿ ನನ್ನ ಕೈಗೆ ಕೊಟ್ಟರು. "ಪಾಪುಗೆ ಇಕ್ಕಮ್ಮ."

"ಏನ್ರೀ, ಪೂಜೆಗಿಟ್ಟಿದ್ ಆಯುಧ ನಾಳೆವರ್ಗೂ ಮುಟ್ಟಂಗಿಲ್ಲ!" ಅತ್ತೆ ಅಡ್ಡ ಬಂದರು.

"ಲೇ, ಕಿವಿ ಆಯುಧ ಅಲ್ಲ ಕಣೇ. ಅಂಗ. ಹಬ್ಬದ ದಿನ ಮಗು ಅಂಗ ಇಲ್ದೆ ಇರ್ಬೇಕಾ?"

ಹಾಕಿದೆ. ಕಿರುಚುತ್ತಾಳೆ ಎಂದು ಕಾಯಿಲ್ ಹಿಡಿಯಲು ಕೈಯನ್ನು ಅಲ್ಲೇ ಇಟ್ಟುಕೊಂಡಿದ್ದೆ. ಕಿರುಚಲಿಲ್ಲ. ಅತ್ತೆ ಗಂಟೆಯನ್ನು ಮೆಲ್ಲಗೆ ಅಲ್ಲಾಡಿಸಿದರು. ಮಗಳು ಗಂಟೆಯ ಕಡೆ ನೋಡಿದಳು. ಮಾವ ಬೆನ್ನ ಹಿಂದಿನಿಂದ "ಪಾಪಾ" ಎಂದರು, ತಿರುಗಿದಳು. ಮತ್ತೆ ಎಂದರು, ಮತ್ತೆ ತಿರುಗಿದಳು. ಊಟದವರೆಗೂ ಯಂತ್ರ ಕಿವಿಯ ಮೇಲೇ ಇತ್ತು. ದೇವರು ಕೊಟ್ಟೇಬಿಟ್ಟ ಎಂದುಕೊಂಡೆ, ಯಾಕೆ ಎಂದು ಕೇಳುವ ಧೈರ್ಯವಿರಲಿಲ್ಲ.

ಸಂಜೆ ಪಕ್ಕದ ಮನೆಯವರು ಪೂಜೆ ಮುಗಿಸಿ, ಶಾಸ್ತ್ರಕ್ಕೆಂದು ಕಲ್ಲು ಕೊಯ್ಯುವ ಮಿಷನ್ನನ್ನು ಒಂದೇ ಒಂದು ಸುತ್ತು ತಿರುಗಿಸಿ ನಿಲ್ಲಿಸಿದರು. ಚಾರ್ವಿ ಚೀರಿ ಕಾಯಿಲ್ ಕಿತ್ತೆಸೆದಳು.

ಅದನ್ನು ಎತ್ತಿಕೊಳ್ಳಲು ಬಗ್ಗಿದಾಗ ನನಗೆ ಹೊಳೆಯಿತು. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಉಳಿಯ ಸದ್ದಿಗೆ ನನಗೆ ದಿನವೂ ತಲೆನೋವು ಬರುತ್ತಿತ್ತು. ಆಮೇಲೆ ಯಾವಾಗಲೋ ಅದು ಕೇಳುವುದೇ ನಿಂತುಹೋಯಿತು. ಇಡೀ ಊರು ಕಲ್ಲು ಬಡಿಯುತ್ತಿರುತ್ತದೆ, ನಮ್ಮ ಪಾಲಿಗೆ ಅದು ಪ್ರಶಾಂತ. ಅವಳಿಗೆ ಕೇಳಿಸುತ್ತಿತ್ತು. ಮೊದಲ ದಿನದಿಂದ ಕೇಳಿಸುತ್ತಲೇ ಇತ್ತು. ತಡೆಯಲಾಗದಷ್ಟು ಕೇಳಿಸುತ್ತಿತ್ತು. ನಾನು ಅದನ್ನು ವಾರವಾರವೂ ಏರಿಸುತ್ತಿದ್ದೆ.

ಹಬ್ಬ ಮುಗಿದ ಕೂಡಲೇ ಮೊಬೈಲಿನಲ್ಲಿ ಅಂಗಳದ ಸದ್ದನ್ನು ತುಂಬಿಕೊಂಡು ಬೆಂಗಳೂರಿಗೆ ಹೋದೆವು. ಕೇಳಿದ ಮೇಡಂ ಹೌಹಾರಿದರು. "ಇದು ದಿನಾ ಇರುತ್ತಾ? ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಅದು ಸದ್ದು ಅಂತ ನಮ್ಗೇ ಗೊತ್ತಿರ್ಲಿಲ್ಲ ಮೇಡಂ," ಎಂದರು ಮಂಜುನಾಥ್.

ಮೇಡಂ ಜೋರಿನ ಮಿತಿಯನ್ನು ಇಳಿಸಿ, ಮಗಳ ರೆಪ್ಪೆಯನ್ನೇ ನೋಡುತ್ತ ಒಂದೊಂದಾಗಿ ಹೊಸದಾಗಿ ಹೊಂದಿಸಿದರು. ಕೆಲಸದ ಜಾಗಕ್ಕೆ ಮಗುವನ್ನು ಬಿಡಬೇಡಿ ಎಂದರು. ಅದನ್ನು ಕೇಳಿದ ಮಾವ ಮರುದಿನವೇ ತಮ್ಮ ಕೆತ್ತನೆಯ ಚಪ್ಪರವನ್ನು ಹೊಲದ ಬದುವಿಗೆ ಸಾಗಿಸಿದರು. ಗಣಪನ ಉಳಿದ ಕೆಲಸ ಅಲ್ಲೇ ನಡೆಯಿತು. ಚಾರ್ವಿ ಮೊದಮೊದಲು ಡಬ್ಬಿ ಕಂಡರೆ ಅಳುತ್ತಿದ್ದಳು. ನಾವು ಹುಟ್ಟಿಸಿದ ಹೆದರಿಕೆ. ಅದು ನಿಧಾನವಾಗಿಯೇ ಹೋಗಬೇಕಿತ್ತು. ಮಾತು ಇನ್ನೂ ಬಂದಿಲ್ಲ. ಕಳೆದುಹೋದ ದಿನಗಳ ಲೆಕ್ಕ ಆ ವಿನಾಯಕನಿಗೇ ಗೊತ್ತು.

ಕಾರ್ತಿಕದಲ್ಲಿ ಗಣಪ ಹೊರಡುವ ದಿನ ಬಂತು. ಬಂದದ್ದು ಅದೇ ಲಾರಿ, ಅದೇ ಡ್ರೈವರ್. ನಾನು ಚಾರ್ವಿಯನ್ನು ಹಿಡಿದುಕೊಂಡು ಹೊಲದ ಬದುವಿನಲ್ಲಿ ನಿಂತಿದ್ದೆ. ಅವಳು ನನ್ನ ಕೈ ಬಿಡಿಸಿಕೊಂಡು ಚಕ್ಕೆ ಆರಿಸಲು ಬಗ್ಗಿದಳು. ಲಾರಿ ನಮಗೆ ಬೆನ್ನು ಮಾಡಿ ಹಿಂದಕ್ಕೆ ಬರತೊಡಗಿತು. ಆ ರಾಗ ಶುರುವಾಯಿತು.

ನಾನು ಅವಳನ್ನು ಎಳೆದುಕೊಳ್ಳುವ ಮೊದಲೇ ಅವಳು ತಲೆಯೆತ್ತಿದಳು. ಲಾರಿಯನ್ನು ನೋಡಿದಳು. ಕೈಯಲ್ಲಿದ್ದ ಚಕ್ಕೆಯನ್ನು ಬಿಟ್ಟು, ನಾಲ್ಕು ಹೆಜ್ಜೆ ಓಡಿಬಂದು ನನ್ನ ಸೀರೆಯ ಹಿಂದೆ ಅಡಗಿದಳು.

ಡ್ರೈವರ್ ಕನ್ನಡಿಯಲ್ಲಿ ನೋಡಿರಬೇಕು, ಲಾರಿ ನಿಲ್ಲಿಸಿ ಇಳಿದು, ಅಲ್ಲಿಂದಲೇ ಎರಡೂ ಕೈ ಜೋಡಿಸಿದ.

ಗಣಪನನ್ನು ಹಗ್ಗ ಬಿಗಿದು ಮಲಗಿಸುವಾಗ ನಾನು ಮತ್ತೆ ಕೈ ಮುಗಿದೆ. "ಅಲ್ಲಿ ಕಣ್ಣು ತೆರೆದ್ಮೇಲೆ ಬಂದು ಮುಗಿಯಮ್ಮ," ಎಂದರು ಮಾವ, ಗದರದೆ. ಹೋಗಿ ಬಂದೆವು ಕೂಡ, ಮನೆಮಂದಿಯೆಲ್ಲ. ಆದರೆ ನನಗೆ ಗೊತ್ತು: ಕಣ್ಣು ಬರುವ ಮೊದಲೇ ಅವನಿಗೆ ಕಿವಿ ಬಂದಿತ್ತು. ನಾನು ಶಬ್ದ ಬೇಡಿದೆ. ಅವನು ಒಂದು ಹಗಲು ಊರಿನ ಉಳಿಗಳನ್ನೆಲ್ಲ ಮಲಗಿಸಿ, ಮಗಳು ಏನು ಹೇಳುತ್ತಿದ್ದಾಳೆಂದು ನನಗೆ ಕೇಳಿಸಿದ.

ಲಾರಿ ಹೋದ ಆ ರಾತ್ರಿ ಯಂತ್ರವನ್ನು ಬಿಚ್ಚಿ, ಕುಂಕುಮದ ಕಲೆಯಿರುವ ಡಬ್ಬಿಯಲ್ಲಿಟ್ಟು, ಮಗಳ ಪಕ್ಕದಲ್ಲಿ ಒರಗಿದೆ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಮಂಜುನಾಥ್ ಇನ್ನೂ ಗೊರಕೆ ಹೊಡೆಯುತ್ತಿದ್ದರು. ಚಾರ್ವಿ ಎದ್ದು ಕೂತು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ನಾನು ಏಳುವುದನ್ನೇ ಕಾಯುತ್ತಿದ್ದಳು.