ಚಪ್ಪಡಿಯ ಮೇಲೆ ತಲೆಯಾಡಿಸಿದವರು

ಸಾವಾದ ಮನೆಯಿಂದ ಮಗುವನ್ನು ಪಕ್ಕದ ಮನೆಗೆ ಕಳಿಸಿಬಿಡುತ್ತೇವಲ್ಲ, ಆ ಮಗು ಅಲ್ಲಿ ಕೂತು ಏನನ್ನು ಯೋಚಿಸಿತೆಂದು ನಿಮ್ಮಲ್ಲಿ ಯಾರಾದರೂ ಆಮೇಲೆ ಕೇಳಿದ್ದೀರಾ? ನನ್ನನ್ನು ಯಾರೂ ಕೇಳಲಿಲ್ಲ. ಮೊನ್ನೆ ಚನ್ನಗಿರಿಯ ಪೆಟ್ರೋಲ್ ಬಂಕಿನಲ್ಲಿ ಹಣೆಯ ತುಂಬ ವಿಭೂತಿ ಧರಿಸಿದ್ದ ಹಿರಿಯರೊಬ್ಬರು ನನ್ನ ಪಕ್ಕದಲ್ಲೇ ಬಂದು ನಿಂತರು. ಪೆಟ್ರೋಲಿನ ಘಾಟಿಗೆ ವಿಭೂತಿಯ ತಣ್ಣನೆಯ ವಾಸನೆ ಬೆರೆತದ್ದೇ ತಡ, ನನ್ನ ಕಾಲುಗಳು ಇದ್ದಲ್ಲೇ ನಿಂತುಬಿಟ್ಟವು. ಆ ಎರಡು ವಾಸನೆಗಳು ಒಟ್ಟಿಗೆ ಬರುವ ಜಾಗ ಈ ಭೂಮಿಯ ಮೇಲೆ ಒಂದೇ ಇತ್ತು. ಅದು ನಾನೂ ನಮ್ಮ ಅಪ್ಪಾಜಿಯೂ ಕೂಡಿ ಕಟ್ಟಿದ ಒಂದು ಹಳೆಯ ಜೀಪಿನ ಹಿಂಭಾಗ, ಬಲಗಡೆಯ ಆಸನ.

ನ್ಯಾಮತಿಯಲ್ಲಿ ನಮ್ಮದು ಹಿಟ್ಟಿನ ಗಿರಣಿಯ ಮನೆ. ಮುಂದೆ ಗಿರಣಿ, ಹಿಂದೆ ವಾಸ, ನಡುವೆ ಒಂದು ಬಾಗಿಲು. ಆ ಬಾಗಿಲು ಎಷ್ಟು ಮುಚ್ಚಿದರೂ ಹಿಟ್ಟಿನ ಧೂಳು ಒಳಗೆ ಬಂದು ದೇವರ ಪಟಗಳ ಮೇಲೆ, ಅಜ್ಜಿಯ ಎಲೆಅಡಿಕೆಯ ಚೀಲದ ಮೇಲೆ, ನನ್ನ ಪಾಟಿಯ ಮೇಲೆ ಮೆತ್ತಗೆ ಕೂರುತ್ತಿತ್ತು. ಜೋಳದ ಹಿಟ್ಟು, ರಾಗಿ ಹಿಟ್ಟು, ಅಕ್ಕಿ ಹಿಟ್ಟು ಯಾವುದೆಂದು ಕಣ್ಣು ಮುಚ್ಚಿ ಬೆರಳಲ್ಲೇ ಹೇಳುವುದು ನನ್ನ ಬಾಲ್ಯದ ವಿದ್ಯೆ. ಗಿರಣಿಯ ಮುಂದೆ ಚರಂಡಿಯ ಮೇಲೆ ಒಂದು ದೊಡ್ಡ ಕಲ್ಲಿನ ಚಪ್ಪಡಿ ಹಾಸಿತ್ತು. ಅದರ ಒಂದು ಮೂಲೆ ಕುಸಿದಿದ್ದರಿಂದ ಯಾವ ಗಾಡಿ ಬಂದರೂ ಅಲ್ಲೊಮ್ಮೆ ತೂಗಿ, ಧಡ್ ಎಂದು ಸದ್ದು ಮಾಡಿಯೇ ಒಳಬರಬೇಕು. ಆ ಸದ್ದು ಕೇಳಿದರೆ ಅಜ್ಜಿ ಒಳಗಿನಿಂದಲೇ ಯಾರೋ ಬಂದರೆಂದು ಕಾಫಿಗೆ ನೀರಿಡುತ್ತಿದ್ದಳು.

ನಾನು ಆಗಷ್ಟೇ ಶಾಲೆಗೆ ಸೇರಿದ ವರ್ಷ ನನ್ನ ಅವ್ವನನ್ನು ದಾವಣಗೆರೆಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ, ಜಗಲಿಯ ಮೇಲೆ ನಿಂತಿದ್ದ ನನ್ನ ಮುಂದೆ ನೀಲಿ ಬಣ್ಣದ ಜೀಪೊಂದು ಬಂದಿತು. ಹಿಂಭಾಗದಲ್ಲಿ ಅವ್ವ ಕೂತಿದ್ದಳು. ಹಸಿರು ಸೀರೆ, ಹೊದ್ದ ಶಾಲು, ಹಣೆಯಲ್ಲಿ ವಿಭೂತಿ, ಬೆನ್ನು ನೆಟ್ಟಗೆ. ಪಕ್ಕದಲ್ಲಿ ಅಪ್ಪಾಜಿ. ಅವ್ವ ಇಲ್ಲದಾಗ ನನ್ನ ಮುಂದಿನ ಹಲ್ಲು ಬಿದ್ದಿತ್ತು. ಅದನ್ನೇ ಮೊದಲು ಹೇಳಬೇಕೆಂದು ಕಾದಿದ್ದವಳು ನಾನು ಬಾಯಿ ತೆರೆದು, ಬೆರಳಿಟ್ಟು ತೋರಿಸಿದೆ. ಅವ್ವ ನನ್ನತ್ತ ನಿಧಾನವಾಗಿ ತಲೆಯಾಡಿಸಿದಳು. ಆಗಲಿ, ನೋಡಿದೆ ಎಂಬಂತೆ. ಅಷ್ಟರಲ್ಲಿ ಯಾರೋ ನನ್ನನ್ನು ಎತ್ತಿಕೊಂಡು ಪಕ್ಕದ ಮನೆಗೆ ಸಾಗಿಸಿದರು. ಅಲ್ಲಿ ನನ್ನ ಕೈಗೆ ಮಂಡಕ್ಕಿ ಕೊಟ್ಟರು. ಸಂಜೆಗೆ ಮುಂಚೆ ಅವರ ಮಾಳಿಗೆಯ ಕಿಂಡಿಯಿಂದ ನಾನು ಕಂಡದ್ದು ಇದು: ಬಾಳೆಯ ಕಂದು, ಹೂವು ಕಟ್ಟಿದ ವಿಮಾನದಲ್ಲಿ ಅವ್ವ ಕೂತೇ ಇದ್ದಾಳೆ. ಜನ ಹೊತ್ತು ನಡೆಯುತ್ತಿದ್ದಾರೆ. ಈಗ ಅವಳ ತಲೆ ಅತ್ತಿಂದಿತ್ತ ಆಡುತ್ತಿದೆ, ಬೇಡ ಬೇಡ ಎಂಬಂತೆ.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಧರಿಸಿ, ವಿಮಾನವೆಂಬ ಮಂಟಪದಲ್ಲಿ ಕೂರಿಸಿ ಹೊರುತ್ತಾರೆ, ಕೂತ ಭಂಗಿಯಲ್ಲೇ ಗುಣಿಯೊಳಗೆ ಇಳಿಸುತ್ತಾರೆ. ಇದನ್ನು ದೊಡ್ಡವರು ಬಲ್ಲರು, ನನಗೆ ಯಾರು ಹೇಳಿದ್ದರು? ಅಜ್ಜಿ ಹೇಳಿದ್ದು ಬೇರೆಯೇ. ಅವ್ವ ಮನೆಗೆ ಬಂದಳು, ನಿನ್ನನ್ನು ಕಣ್ತುಂಬ ನೋಡಿದಳು, ಆಮೇಲೆ ಶಿವನ ಪಾದ ಸೇರಿದಳು ಎಂದು ಅವಳು ನನ್ನ ತಲೆ ಸವರುತ್ತಿದ್ದಳು. ಆ ಸಮಾಧಾನದ ಮಾತೇ ನನ್ನೊಳಗೆ ವಿಷವಾಗಿ ಇಳಿಯಿತು. ಬಂದವಳು ಕೂತಿದ್ದಳು, ನನ್ನ ಹಲ್ಲು ನೋಡಿ ತಲೆಯಾಡಿಸಿದಳು, ಹೊತ್ತು ಮುಳುಗುವ ಮುನ್ನ ಹಾಗೆ ಕೂತವಳನ್ನೇ ಹೊತ್ತೊಯ್ದರು. ಹಾಗಾದರೆ ಅವಳು ಸತ್ತದ್ದು ಯಾವಾಗ? ಅವ್ವನನ್ನು ಜೀವಂತ ಹೂತಿದ್ದಾರೆ ಎಂಬ ಒಂದು ಮಾತನ್ನು ನಾನು ನಾಲಿಗೆಯ ಕೆಳಗೆ ಇಟ್ಟುಕೊಂಡು ಬೆಳೆದೆ. ಅಜ್ಜಿ ಗೋಡೆಗೊರಗಿ ತೂಕಡಿಸಿದರೆ ಓಡಿಹೋಗಿ ಅಲುಗಾಡಿಸುತ್ತಿದ್ದೆ. ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಯಾವ ವಿಷಯ ಕೊಟ್ಟರೂ ಪರವಾಗಿ, ವಿರೋಧವಾಗಿ ಎರಡೂ ಮಾತಾಡಬಲ್ಲ ಹುಡುಗಿಗೆ ತನ್ನ ಮನೆಯಲ್ಲಿ ಈ ಒಂದು ಪ್ರಶ್ನೆ ಕೇಳುವ ಧೈರ್ಯವಿರಲಿಲ್ಲ. ಕೇಳಿದರೆ ಉತ್ತರ ಬರಬಹುದಲ್ಲ ಎಂಬುದೇ ಭಯ.

ಎಪ್ಪತ್ತರ ದಶಕದ ಕೊನೆ, ನಾನು ಹೈಸ್ಕೂಲಿನಲ್ಲಿದ್ದೆ. ಅಪ್ಪಾಜಿ ಜಗಳೂರಿನ ಆಚೆ ಸೊಕ್ಕೆಯಿಂದ ಲಾರಿಯೊಂದರ ಹಿಂದೆ ಕಟ್ಟಿಸಿ ಒಂದು ಮುರುಕು ಜೀಪನ್ನು ಎಳೆದು ತಂದರು. ಮೇಲುಹೊದಿಕೆ ಇಲ್ಲ, ಬಣ್ಣವೆಲ್ಲ ತುಕ್ಕು, ಬಾನೆಟ್ಟಿನೊಳಗೆ ಓತಿಕ್ಯಾತದ ಸಂಸಾರ. ಬೆಟ್ಟ, ಹಳ್ಳ, ಕೆಸರು ಯಾವುದಕ್ಕೂ ಬಗ್ಗದ ಗಾಡಿ, ಸೂರಗೊಂಡನಕೊಪ್ಪದ ಕಡೆಯ ತಾಂಡಾಗಳಿಂದ ಕಾಳಿನ ಚೀಲ ತರಲು ಬೇಕು ಎಂದರು. ಅಜ್ಜಿ ಬಾಗಿಲಲ್ಲಿ ನಿಂತು ಒಮ್ಮೆ ನೋಡಿದಳು, ಒಳಗೆ ಹೋದಳು. ಮರುದಿನದಿಂದ ಅವಳ ಮಾತು ಶುರುವಾಯಿತು. “ಹೆಣ್ಣುಡುಗಿ ಕೈಗೆ ಪಾನಾ ಕೊಟ್ಟೀಯ. ನಾಳೆ ಗಂಡಿನ ಕಡೆಯೋರು ಬಂದ್ರೆ ಇವಳು ಗ್ರೀಸು ಕೈಲೇ ಕಾಫಿ ಕೊಡ್ತಾಳೇನು?” ಅಪ್ಪಾಜಿ ಇಂಜಿನ್ನಿನೊಳಗಿಂದ ತಲೆ ಎತ್ತದೆ, “ಕಾಫಿ ಕುಡಿಯಾಕೆ ಬರೋನಿಗೆ ಗಾಡಿ ರಿಪೇರಿ ಬರ್ತೈತೇನು ಅಂತ ಮೊದ್ಲು ಕೇಳು” ಎಂದರು. ಶಾಲೆ ಮುಗಿದ ಸಂಜೆಗಳು, ಗಿರಣಿಗೆ ರಜೆಯಿದ್ದ ದಿನಗಳು, ಎಲ್ಲವೂ ಆ ಜೀಪಿಗೆ ಸಂದವು. ನಾನು ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟುಗಳನ್ನು ತೊಳೆದು ಗೋಣಿಯ ಮೇಲೆ ಸಾಲಾಗಿ ಇಡುತ್ತಿದ್ದೆ. ಅವರು ಕೈ ಚಾಚಿದರೆ ಯಾವ ಪಾನಾ ಬೇಕೆಂದು ತಿಳಿಯುವಷ್ಟು ಅವರ ಮೌನ ನನಗೆ ಅಭ್ಯಾಸವಾಯಿತು. ತಾಯಿಯಿಲ್ಲದ ಆ ಮನೆಯಲ್ಲಿ ಅಪ್ಪ ಮಗಳು ಅಷ್ಟು ಹತ್ತಿರ ಕೂತದ್ದು ಅದೇ ಮೊದಲು.

ಆದರೆ ಆ ಜೀಪಿನ ಬಲಗಡೆಯ ಹಿಂದಿನ ಆಸನ ನಮ್ಮಿಬ್ಬರ ನಡುವೆ ಮೂರನೆಯವರಂತೆ ಕೂತಿತ್ತು. ಉಳಿದ ಆಸನಗಳಿಗೆ ಮೋಟು ಒರಗು, ಅದೊಂದಕ್ಕೆ ಮಾತ್ರ ತಲೆಯ ಮಟ್ಟಕ್ಕೆ ಬರುವ ತೇಗದ ಹಲಗೆ. ಹಲಗೆಯ ಎರಡು ಅಂಚುಗಳಲ್ಲಿ ಬಟ್ಟೆ ಉಜ್ಜಿ ಉಜ್ಜಿ ಸವೆದ ನುಣುಪು ಕಚ್ಚುಗಳು. ಸಂದುಗಳಿಂದ ಬಿಳಿಯ ಪುಡಿ ಉದುರುತ್ತಿತ್ತು. ಗಿರಣಿಯ ಹಿಟ್ಟೆಂದು ಒರೆಸಿದೆ. ಮಾರನೆಯ ದಿನ ಮತ್ತೆ ಇತ್ತು. ಬೆರಳಿಗೆ ಹಚ್ಚಿ ನೋಡಿದೆ. ಹಿಟ್ಟು ಬೆರಳಿಗೆ ಅಂಟುತ್ತದೆ, ಇದು ಜಾರಿತು. ತಣ್ಣಗಿತ್ತು. ಮೂಗಿನ ಬಳಿ ತಂದಾಗ ಗೊತ್ತಾಯಿತು, ಅದು ವಿಭೂತಿ. ನಮ್ಮ ಕೋಳಿಗಳು ಸ್ಟಿಯರಿಂಗಿನ ಮೇಲೆ ಕೂರುತ್ತಿದ್ದವು, ಬಾನೆಟ್ಟಿನ ಮೇಲೆ ಮಲಗುತ್ತಿದ್ದವು, ಆ ಆಸನದ ಮೇಲೆ ಮಾತ್ರ ಒಂದು ದಿನವೂ ಏರಲಿಲ್ಲ. ಒಳಗೆ ಯಾರೂ ಇಲ್ಲದಾಗಲೂ ಗಾಡಿ ಹಿಂದೆ ಬಲಕ್ಕೆ ವಾಲಿ ನಿಲ್ಲುತ್ತಿತ್ತು. ಅಪ್ಪಾಜಿ ಕೆಳಗೆ ನುಸುಳಿ, ಗಾಡಿಯ ಭಾರ ಹೊರುವ ಕಮಾನುಪಟ್ಟಿಗಳನ್ನು ಮುಟ್ಟಿ ನೋಡಿ, “ಒಂದೇ ಕಡೆ ಕುಂತು ಕುಂತು ಪಟ್ಟಿ ಬಗ್ಗೈತೆ, ಅಷ್ಟೆ” ಎಂದರು. ಯಾರು ಕೂತು ಎಂದು ನಾನು ಕೇಳಿದೆ. ಗಾಡಿಯ ಕೆಳಗಿನಿಂದ ಅವರ ಕೈ ಚಾಚಿತು, ಇನ್ನೊಂದು ಪಾನಾಕ್ಕಾಗಿ.

ಇಂಜಿನ್ನು ಜೀವ ತಳೆಯಿತು. ಆದರೆ ನಾಲ್ಕೂ ಚಕ್ರಕ್ಕೆ ಬಲ ಹಾಯಿಸುವ ಕಿರಿಯ ಗೇರು ಏನು ಮಾಡಿದರೂ ಬೀಳಲಿಲ್ಲ. ಕೊನೆಗೆ ಅಪ್ಪಾಜಿ ಸೊಕ್ಕೆಗೆ ಹೇಳಿಕಳಿಸಿ, ಆ ಜೀಪನ್ನು ವರ್ಷಗಟ್ಟಲೆ ಓಡಿಸಿದ್ದ ಮೌಲಾಸಾಬರನ್ನು ಕರೆಸಿದರು. ಬಿಳಿ ಗಡ್ಡ, ಬಗಲಲ್ಲಿ ಚೀಲ, ಬಸ್ಸಿಳಿದು ನೇರ ಬಂದವರು ಗೇರನ್ನು ನೋಡಲಿಲ್ಲ. ಹಿಂಭಾಗಕ್ಕೆ ಹೋಗಿ, ಆ ಖಾಲಿ ಆಸನಕ್ಕೆ ಕೈಯೆತ್ತಿ ಸಲಾಂ ಮಾಡಿದರು. ಆಮೇಲೆ ಕಾಫಿ ಕುಡಿಯುತ್ತ ತಾವಾಗಿಯೇ ಮಾತಿಗೆ ಕೂತರು. ಆಸ್ಪತ್ರೆಯಲ್ಲಿ ಪ್ರಾಣ ಹೋದವರ ಮೈ ಸೆಟೆದರೆ ಆಮೇಲೆ ಕೂರಿಸಲಾಗದು. ಅದಕ್ಕೇ ಜನ ಅಲ್ಲಿಂದಲೇ ಕೂರಿಸಿಕೊಂಡು ಹೊರಡುತ್ತಿದ್ದರಂತೆ. ಆ ಕೆಲಸಕ್ಕೆಂದೇ ಇವರು ಹಲಗೆ ಜೋಡಿಸಿದ್ದರು. ರುಮಾಲು ಸುತ್ತಿ, ಶಾಲು ಹೊದಿಸಿ, ಎದೆಗೊಂದು ಪಂಚೆ ಸುತ್ತಿ ಹಲಗೆಗೆ ಕಟ್ಟಿದರೆ ದಾರಿಯವರ ಕಣ್ಣಿಗೆ ಮದುವೆಗೆ ಹೊರಟ ಹಿರಿಯರೇ. ಹೊನ್ನಾಳಿಯಲ್ಲಿ ಒಮ್ಮೆ ಗಾಡಿಗೆ ನೀರು ಹಾಕಲು ನಿಂತಾಗ ಹೋಟೆಲಿನವನು ಬಂದು ಅಂಥ ಒಬ್ಬರ ಮುಂದೆ ಲೋಟ ಹಿಡಿದು, “ಯಾಕ್ರೀ ಗೌಡ್ರೇ, ಕರೆದ್ರೂ ಮಾತಾಡಂಗಿಲ್ಲ, ನಮ್ಮ ಮೇಲೇನು ಸಿಟ್ಟು?” ಎಂದು ಉಪಚಾರ ಮಾಡಿದನಂತೆ. ಸಾಬರು ನಕ್ಕರು. ಅಪ್ಪಾಜಿ ನಗಲಿಲ್ಲ. ಆಗ ಮುದುಕರು ನನ್ನನ್ನು ದಿಟ್ಟಿಸಿ ನೋಡಿ ಕೇಳಿದರು: “ಯಜಮಾನ್ರೇ, ಅವತ್ತು ಜಗಲಿ ಮೇಲೆ ನಿಂತು ಹಲ್ಲು ತೋರ್ಸಿದ್ದು ಈ ಮಗೂನೇ ಅಲ್ವಾ?”

ಗಿರಣಿ ಅಂದು ನಿಂತಿತ್ತು. ಆ ಮೌನದಲ್ಲಿ ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿತು. “ಅಪ್ಪಾಜಿ, ಅವ್ವಂಗೆ ಜೀವ ಇತ್ತು. ನನ್ನ ನೋಡಿ ತಲೆ ಆಡ್ಸಿದ್ಲು. ಜೀವ ಇದ್ದೋಳ್ನ ಯಾಕೆ ಹೂತ್ರಿ?”

ಅಪ್ಪಾಜಿಯ ಕೈಯಿಂದ ಲೋಟ ಬೀಳಲಿಲ್ಲ, ಅವರು ಅದನ್ನು ಜೋಪಾನವಾಗಿ ಜಗಲಿಯ ಮೇಲಿಟ್ಟರು. ಎದ್ದು ಹೋಗಿ ಆ ಬಲಗಡೆಯ ಆಸನದಲ್ಲಿ ಕೂತರು. ಹೆಗಲ ಮೇಲಿನ ಟವೆಲ್ಲನ್ನು ಸಾಬರ ಕೈಗೆ ಕೊಟ್ಟು ಎದೆಗೆ ಕಟ್ಟಲು ಹೇಳಿದರು. ನಾನು ಅಂದು ನಿಂತಿದ್ದಲ್ಲೇ ನಿಲ್ಲಬೇಕೆಂದರು. ಸಾಬರು ಹ್ಯಾಂಡಲ್ ಹೊಡೆದು ಗಾಡಿ ಎಬ್ಬಿಸಿ, ಬೀದಿಯ ತುದಿಗೆ ಒಯ್ದು, ತಿರುಗಿಸಿ, ಮೆಲ್ಲಗೆ ಮನೆಯತ್ತ ತಂದರು. ಜಗಲಿಯಿಂದ ನೋಡುತ್ತಿದ್ದೆ. ಅಪ್ಪಾಜಿ ಕಣ್ಣು ಮುಚ್ಚಿ ಮೈಯನ್ನು ಬಿಟ್ಟುಬಿಟ್ಟಿದ್ದರು. ಅವರ ಮುಖದಲ್ಲಿ ನನ್ನ ಅಪ್ಪಾಜಿ ಇರಲಿಲ್ಲ. ಮುಂದಿನ ಚಕ್ರ ಚಪ್ಪಡಿ ಹತ್ತಿತು, ಧಡ್ ಎಂದಿತು, ಹಿಂದಿನ ಚಕ್ರ ಕುಸಿದ ಮೂಲೆಗೆ ಇಳಿಯಿತು. ಅಪ್ಪಾಜಿಯ ತಲೆ ನಿಧಾನವಾಗಿ ಕೆಳಗೆ ಬಾಗಿತು, ಮೇಲೆದ್ದಿತು. ಆಗಲಿ, ನೋಡಿದೆ ಎಂಬಂತೆ. ಅದೇ ಬಾಗು, ಅದೇ ಹೊತ್ತು, ಅದೇ ದಯೆ. ನಾನು ಕೂಗಿದರೂ ಸಾಬರು ಇಂಜಿನ್ನು ಆರಿಸುವ ತನಕ ಅವರು ಕಣ್ಣು ತೆರೆಯಲಿಲ್ಲ.

“ದಾವಣಗೆರೆಯಾಗೇ ಹೋಗಿದ್ಲು, ಮಗಾ. ಅಲ್ಲಿಂದ ಇಲ್ಲೀತನ ನನ್ನ ಹೆಗಲ ಮೇಲೇ ಇದ್ಲು. ಹೂಂ ಅಂದಿದ್ದು ಚಪ್ಪಡಿ, ಅವಳಲ್ಲ.” ಅವ್ವನ ಪಕ್ಕ ತಾವು ಕೊನೆಗೆ ಕೂತ ಜಾಗ ಗುಜರಿಗೆ ಹೋಗಬಾರದೆಂದೇ ಆ ಗಾಡಿಯನ್ನು ಹುಡುಕಿ ತಂದಿದ್ದರೆಂದು ನನಗೆ ಆಗ ಅರ್ಥವಾಯಿತು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಇಳಿದು ಬಂದು, ಮಗನ ಎದೆಯ ಕಟ್ಟು ತಾನೇ ಬಿಚ್ಚಿದಳು. ಸುಳ್ಳು ಹೇಳಿದವಳು ತಾನು, ಮಗು ಅಳಬಾರದೆಂದು ಹೇಳಿದ್ದು ಎಂದು ನನ್ನ ಕಡೆ ನೋಡದೆಯೇ ಹೇಳಿದಳು. ಅಂದಿನಿಂದ ನನ್ನ ಭಯ ಹೋಯಿತು. ಭಯದ ಜೊತೆಗೆ ನನ್ನ ಬಿದ್ದ ಹಲ್ಲನ್ನು ನೋಡಿ ಒಪ್ಪಿದ ಅವ್ವನೂ ಹೋದಳು. ಅವ್ವನನ್ನು ಕಳೆದುಕೊಂಡು ನಾನು ಮೊದಲ ಬಾರಿಗೆ ಅತ್ತದ್ದು ಆ ದಿನ, ಹದಿಹರೆಯದಲ್ಲಿ, ಗ್ರೀಸು ಕೈಗಳಲ್ಲಿ.

ಸಾಬರು ಗೇರನ್ನು ಸರಿಮಾಡಿಕೊಟ್ಟು ಹೋದರು. ಮೇಲುಹೊದಿಕೆ ಬಂತು, ಮತ್ತೆ ನೀಲಿ ಬಣ್ಣ ಬಂತು. ಹಲಗೆಯನ್ನು ಮಾತ್ರ ತೆಗೆಯಲಿಲ್ಲ. ಕಮಾನುಪಟ್ಟಿ ಹೊಸದು ಹಾಕಿಸಿದರೂ ಗಾಡಿ ಬಲಕ್ಕೇ ವಾಲಿತು. ಎಷ್ಟು ತೊಳೆದರೂ ವಿಭೂತಿ ಉದುರುತ್ತಲೇ ಇತ್ತು. ನಾನು ವಿಚಾರವಾದಿ, ಇದಕ್ಕೆ ಕಾರಣ ಹೇಳಬಲ್ಲೆ. ಹೇಳುವ ಮನಸ್ಸಾಗಲಿಲ್ಲ. ಅಪ್ಪಾಜಿ ನನಗೆ ಡ್ರೈವಿಂಗ್ ಕಲಿಸಿದರು. ಕಾಲೇಜು ಮುಗಿಸಿ, ಊರೂರು ಸುತ್ತಿ ಹೆಣ್ಣುಮಕ್ಕಳ ಓದಿಗಾಗಿ ವಾದಿಸುತ್ತಿದ್ದ ದಿನಗಳಲ್ಲಿ, ಬಸವಾಪಟ್ಟಣದ ಹಳ್ಳಗಳನ್ನೂ ಜಗಳೂರಿನ ಕಲ್ಲುಹಾದಿಗಳನ್ನೂ ನಾನು ದಾಟಿದ್ದು ಆ ಜೀಪಿನಲ್ಲೇ. ಅಜ್ಜಿ ಮನೆಯಲ್ಲೇ, ನಾನು ಕೈ ಹಿಡಿದಿರುವಾಗ ಕಣ್ಣು ಮುಚ್ಚಿದಳು.

ಎಂಬತ್ತರ ದಶಕ ಮುಗಿಯುವ ಮುನ್ನ ಅಪ್ಪಾಜಿ ದಾವಣಗೆರೆಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಚಿಕ್ಕಪ್ಪನ ಮಗ ಅವರಿಗೆ ಹೆಗಲು ಕೊಟ್ಟು ಹಿಂದೆ ಕೂತ. ನಾನು ಗಾಡಿ ನಡೆಸಿದೆ. ಹೊನ್ನಾಳಿಯ ಹೊಳೆ ದಾಟುವಾಗ ಕನ್ನಡಿಯಲ್ಲಿ ನೋಡಿದೆ. ಅವರು ಕಣ್ಣು ಮುಚ್ಚಿ ನೆಟ್ಟಗೆ ಕೂತಿದ್ದರು, ಅಂದು ನನಗಾಗಿ ಕೂತಂತೆಯೇ. ಮನೆಯ ಮುಂದೆ ಪಕ್ಕದ ಮನೆಯ ಪುಟ್ಟ ಹುಡುಗಿ ನಿಂತಿದ್ದಳು. ಅವಳನ್ನು ಅಪ್ಪಾಜಿ ದಿನವೂ ಗಿರಣಿಯ ತಕ್ಕಡಿಯಲ್ಲಿ ಕೂರಿಸಿ ತೂಕ ಹೇಳುತ್ತಿದ್ದರು. ನಾನು ಎಷ್ಟು ನಿಧಾನಿಸಿದರೂ ಚಪ್ಪಡಿ ತನ್ನ ಮಾತು ಆಡಿಯೇ ಬಿಟ್ಟಿತು. ಹುಡುಗಿ ಚಪ್ಪಾಳೆ ತಟ್ಟಿ, “ಅಜ್ಜ ನಂಗೆ ಹೂಂ ಅಂತು!” ಎಂದಳು. ಯಾರೋ ಅವಳನ್ನು ಎತ್ತಿಕೊಳ್ಳಲು ಬಂದರು. ನಾನು ಇಳಿದು ಅವರನ್ನು ತಡೆದೆ. ಅವಳ ಕೈಯನ್ನು ಹಿಡಿದು ಅಪ್ಪಾಜಿಯ ಕೈಯ ಮೇಲಿಟ್ಟೆ. “ಅಜ್ಜ ಸತ್ತೈತೆ ಪುಟ್ಟಿ. ಗಾಡಿ ಅಲುಗಿತು, ತಲೆ ಅಲುಗಿತು. ಮುಟ್ಟಿ ನೋಡು, ತಣ್ಣಗೈತೆ.” ಅವಳು ಮುಟ್ಟಿದಳು. ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಮನಸಾರೆ ಅತ್ತಳು.

ಈಗ ಗಿರಣಿ ಇಲ್ಲ, ಮನೆ ಇಲ್ಲ. ರಸ್ತೆ ಅಗಲವಾಗಿ ಆ ಚಪ್ಪಡಿ ಡಾಂಬರಿನ ಕೆಳಗೆಲ್ಲೋ ಇದೆ, ಗಾಡಿಗಳು ಸದ್ದಿಲ್ಲದೆ ಹಾದುಹೋಗುತ್ತವೆ. ಜೀಪನ್ನು ಕೊನೆಗೆ ಬಿಚ್ಚಿ ಮಾರಬೇಕಾಯಿತು. ತೇಗದ ಹಲಗೆ ನನ್ನ ಕೋಣೆಯ ಗೋಡೆಗೊರಗಿದೆ. ಅದರ ಕೆಳಗಿನ ನೆಲವನ್ನು ನಾನೇ ಒರೆಸುತ್ತೇನೆ, ದಿನವೂ.

ಓದುಗರಲ್ಲಿ ನನ್ನದು ಒಂದೇ ಬೇಡಿಕೆ. ನಿಮ್ಮ ಮನೆಗೆ ಸಾವು ಬಂದಾಗ ಅಲ್ಲಿರುವ ಮಗುವನ್ನು ಪಕ್ಕದ ಮನೆಗೆ ಕಳಿಸಬೇಡಿ. ಹತ್ತಿರ ಕರೆದು, ಸತ್ತಿದ್ದಾರೆ ಎಂಬ ಮಾತನ್ನೇ ಹೇಳಿ. ಕೈ ಹಿಡಿದು ಮುಟ್ಟಿಸಿ. ಮಗು ಏನು ಕೇಳಿದರೂ ಉತ್ತರ ಕೊಡಿ.