ನಾನು ಬಲಗಾಲನ್ನಷ್ಟೇ ಚಾಚಿದೆ

ಪ್ರಭುವಿನಲ್ಲಿ ನನ್ನ ಜೊತೆ ನಡೆಯುತ್ತಿರುವ ಎಲ್ಲರಿಗೂ ಗುಂಡ್ಲುಪೇಟೆಯಿಂದ ಈ ಮುದಿ ಮೇಷ್ಟ್ರ ವಂದನೆಗಳು. ನನ್ನ ಎಡಗಾಲಿನಲ್ಲಿ ಈಗ ನಾಲ್ಕೇ ಬೆರಳು. ಐದನೆಯದು ಎಲ್ಲಿ ಹೋಯಿತು, ಉಳಿದ ಕಾಲು ಹೇಗೆ ಉಳಿಯಿತು ಎಂಬುದನ್ನು ನಿಮಗೆ ಬರೆದು ತಿಳಿಸುವುದಾಗಿ ದೇವರಿಗೆ ಮಾತು ಕೊಟ್ಟಿದ್ದೆ. ಬರೆಯಲು ಒಂದು ವರ್ಷ ತಡ ಮಾಡಿದೆ. ಸ್ವಂತ ಜಂಬದ ಕಥೆ ಬರೆಯಲು ಕುಳಿತರೆ ಪೆನ್ನು ಬೇಗ ಓಡುವುದಿಲ್ಲ.

ನನಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದ ಮೇಲೂ ಕಪ್ಪು ಶೂಗೆ ಪಾಲಿಶ್ ಹಾಕದೆ ಹಾಲು ತರುವುದಕ್ಕೂ ಹೊರಗೆ ಹೋದವನಲ್ಲ. ಕಳೆದ ವರ್ಷ, ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಶುರುವಾದ ವಾರ, ಆ ಶೂ ನನ್ನ ಎಡಗಾಲಿನ ಕಿರುಬೆರಳನ್ನು ಕಚ್ಚಿತು. ಈ ಕಾಯಿಲೆಯವರ ಕಾಲಿಗೆ ನೋವು ತಿಳಿಯುವುದಿಲ್ಲ. ಸಂಜೆ ಕಾಲುಚೀಲ ಬಿಚ್ಚಿದಾಗ ಅದು ಬೆರಳಿಗೆ ಅಂಟಿಕೊಂಡಿತ್ತು, ಆಗಲೇ ಗಾಯ ಆಗಿರುವುದು ಗೊತ್ತಾದದ್ದು.

ಆಗಲೇ ಆಸ್ಪತ್ರೆಗೆ ಹೋಗಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಹೋಗಲಿಲ್ಲ. ಯಾಕೆಂದು ಹೇಳಬೇಕಾದರೆ ನನ್ನ ಸೊಸೆ ಜಯಮೇರಿಯ ವಿಷಯ ಹೇಳಬೇಕು.

ನನ್ನ ಮಗ ಅಂತೋಣಿ ಬಂಡೀಪುರದ ಕಡೆ ಜೀಪು ಓಡಿಸುತ್ತಾನೆ. ತಾಯಿಯಿಲ್ಲದ ಮನೆಗೆ ಅವನು ಉಮ್ಮತ್ತೂರಿನಿಂದ ಜಯಮೇರಿಯನ್ನು ಮದುವೆಯಾಗಿ ಕರೆತಂದ. ಅವಳು ಚಾಮರಾಜನಗರದ ದೊಡ್ಡಾಸ್ಪತ್ರೆಯಲ್ಲಿ ಆಯಾ. ನೆಲ ಒರೆಸುವುದು, ಬೆಡ್‌ಪ್ಯಾನ್ ತೆಗೆಯುವುದು, ಗಾಯ ತೊಳೆಯುವಾಗ ಬೋಗುಣಿ ಹಿಡಿಯುವುದು ಅವಳ ಕೆಲಸ. ದಿನಾ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಾಳೆ. ಕೇಳಿದವರಿಗೆಲ್ಲ ನಾನು ‘ಸೊಸೆ ನರ್ಸು’ ಎಂದೇ ಹೇಳಿಕೊಂಡು ಬಂದಿದ್ದೆ. ಅವಳು ಮನೆಗೆ ಬಂದ ಹೊಸದರಲ್ಲಿ ಒಮ್ಮೆ ಸಂಜೆಯ ಜಪಸರದ ಹೊತ್ತಿಗೆ ತನ್ನ ಊರಿನ ಮಾತಿನಲ್ಲಿ ಪ್ರಾರ್ಥನೆ ಮಾಡಿದಳು. ನಾನು ನಡುವೆಯೇ ತಡೆದು, ಪಾಠ ಒಪ್ಪಿಸುವ ಹುಡುಗಿಯನ್ನು ತಿದ್ದುವಂತೆ ತಿದ್ದಿದೆ. ಅಂದಿನಿಂದ ಅವಳು ನಮ್ಮ ಮನೆಯಲ್ಲಿ ಬಾಯಿಬಿಟ್ಟು ಪ್ರಾರ್ಥಿಸಿದ್ದನ್ನು ನಾನು ಕೇಳಿರಲಿಲ್ಲ.

ಇಂಥ ಸೊಸೆಯ ಮುಂದೆ ಕೀವು ಸುರಿಯುವ ಬೆರಳನ್ನು ಚಾಚುವುದೇ? ಬಾಗಿಲು ಹಾಕಿಕೊಂಡು ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿಕೊಂಡೆ. ನನ್ನ ಕಾಲುಚೀಲವನ್ನು ನಾನೇ ಒಗೆಯತೊಡಗಿದೆ. ಅಷ್ಟರಲ್ಲೇ ಅವಳಿಗೆ ಗುಮಾನಿ ಬಂತು.

“ಮಾವ, ಕಾಲ್ಗೇನಾರ ಆಗದಾ? ವಸಿ ತೋರ್ಸಿ.”

“ನೀನೇನು ಡಾಕ್ಟರಾ? ಹೋಗು, ಬಸ್ಸಿಗೆ ಹೊತ್ತಾಯ್ತು.”

ಮೂರು ಸಲ ಕೇಳಿದಳು. ಮೂರು ಸಲವೂ ಬೈಸಿಕೊಂಡಳು. ಸಿರಿಯಾದ ಸೇನಾಪತಿ ನಾಮಾನನ ಕಥೆಯನ್ನು ನಾನು ಎಷ್ಟು ವರ್ಷ ಮಕ್ಕಳಿಗೆ ಹೇಳಿಲ್ಲ! ಕುಷ್ಠ ಹಿಡಿದ ಆ ದೊಡ್ಡ ಮನುಷ್ಯನಿಗೆ ವಾಸಿಯಾಗುವ ದಾರಿ ಹೇಳಿದ್ದು ಮನೆಯ ಆಳು ಹುಡುಗಿ. ಆದರೂ ಅವನು ಕೊನೆಗೆ ಕೇಳಿದ, ನಾನು ಕೇಳಲಿಲ್ಲ. ಬೆರಳು ಕಪ್ಪಾದ ವಾರವೇ ಹಂಗಳದ ಒಬ್ಬರ ಮನೆಯ ಪ್ರಾರ್ಥನಾ ಕೂಟದಲ್ಲಿ ಬಾಬೆಲಿನ ಗೋಪುರದ ಬಗ್ಗೆ, ಆಕಾಶಕ್ಕೆ ಏರಹೊರಟ ಮನುಷ್ಯನ ಅಹಂಕಾರದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ ಬಂದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಪ್ರಾರ್ಥನೆ ಮಾಡಲಿಲ್ಲವೆಂದಲ್ಲ. ದಿನಾ ಮಾಡಿದೆ. ‘ಪ್ರಭುವೇ, ಈ ಗಾಯ ವಾಸಿ ಮಾಡು, ಆದರೆ ಯಾರಿಗೂ ಗೊತ್ತಾಗದ ಹಾಗೆ ಮಾಡು’ ಎಂದು. ದೇವರಿಗೇ ಷರತ್ತು ಹಾಕುತ್ತಿದ್ದೇನೆಂದು ನನಗೆ ಹೊಳೆಯಲೇ ಇಲ್ಲ.

ಪವಿತ್ರ ಗುರುವಾರ ಬಂತು. ಯೇಸು ಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಅಂದು ಚರ್ಚಿನಲ್ಲಿ ಗುರುಗಳು ಊರಿನ ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ಪ್ರತಿ ವರ್ಷ ಮೊದಲನೆಯ ಕುರ್ಚಿ ನನ್ನದೇ. ಬರಲಾರೆ ಎಂದರೆ ಕಾರಣ ಹೇಳಬೇಕಲ್ಲ! ನಮ್ಮಲ್ಲಿ ಬಲಗಾಲನ್ನು ಮಾತ್ರ ತೊಳೆಯುವ ರೂಢಿ. ಮತ್ತೆ ಹನ್ನೆರಡು ಮಂದಿಯೂ ಮನೆಯಲ್ಲೇ ಉಜ್ಜಿ ಉಜ್ಜಿ ತೊಳೆದುಕೊಂಡು ಬರುತ್ತೇವೆ. ತೊಳೆಯುವವರಿಗೆ ಕೊಳೆ ಕಾಣಬಾರದು ನೋಡಿ. ನಾನು ಬಲಗಾಲನ್ನು ಕನ್ನಡಿಯಂತೆ ತೊಳೆದು, ಎಡಗಾಲಿಗೆ ಹತ್ತಿ ಸುತ್ತಿ, ಮೇಲೊಂದು ಹೊಸ ಕಾಲುಚೀಲ ಹಾಕಿ, ಅತ್ತರು ಚಿಮುಕಿಸಿಕೊಂಡು ಹೋಗಿ ಕುಳಿತೆ.

ಆ ವರ್ಷ ಹೊಸದಾಗಿ ಬಂದಿದ್ದ ಗುರುಗಳು ನನ್ನ ಶಿಷ್ಯರ ವಯಸ್ಸಿನವರು. ಮಂಡಿಯೂರಿ ಬಲಗಾಲಿಗೆ ನೀರು ಹೊಯ್ದರು, ಒರೆಸಿದರು, ಮುತ್ತಿಡಲು ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. ಅತ್ತರಿಗೆ ಮೋಸ ಹೋಗುವ ಮೂಗಾಗಿರಲಿಲ್ಲ ಅದು.

“ಮೇಷ್ಟ್ರೇ, ಆ ಕಾಲೂ ಕೊಡಿ” ಎಂದರು ಮೆಲ್ಲಗೆ.

“ಒಂದು ಸಾಕು ಫಾದರ್.”

“ಕೊಡಿ ಮೇಷ್ಟ್ರೇ.”

ಅವರು ಕೈ ಚಾಚಿದರು. ನಾನು ಸರಕ್ಕನೆ ಕಾಲೆಳೆದುಕೊಂಡೆ. ಬೋಗುಣಿಗೆ ಒದೆ ಬಿತ್ತು. ಅದು ಗಲಗಲ ಸದ್ದು ಮಾಡುತ್ತಾ ಪೀಠದ ಮೆಟ್ಟಿಲವರೆಗೂ ಉರುಳಿತು. ಗಾಯನ ವೃಂದದವರು ಹಾಡು ನಿಲ್ಲಿಸಿದರು. ನನ್ನ ಕಾಲುಚೀಲ ನೆನೆದು, ಬೆರಳಿನ ಹತ್ತಿರ ಕಂದು ಬಣ್ಣ ಹರಡತೊಡಗಿತು. ಯೇಸುವಿಗೆ ‘ನನ್ನ ಕಾಲು ತೊಳೆಯಬೇಡ’ ಎಂದ ಶಿಷ್ಯ ಪೇತ್ರ ಕೂಡ ಇಷ್ಟು ರಾದ್ಧಾಂತ ಮಾಡಿರಲಾರ.

ಹೆಂಗಸರ ಕಡೆಯಿಂದ ಜಯಮೇರಿ ಎದ್ದು ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಗುರುಗಳ ಕೈಯಿಂದ ಟವಲು ತೆಗೆದುಕೊಂಡು ಮೊದಲು ನೆಲ ಒರೆಸಿದಳು. ಆಮೇಲೆ ನನ್ನ ಕಾಲನ್ನು ತನ್ನ ಮಡಿಲಿಗೆ ಎತ್ತಿಟ್ಟುಕೊಂಡು ಕಾಲುಚೀಲ ಬಿಚ್ಚಿದಳು. ಅವಳ ಕಣ್ಣು ತುಂಬಿತು.

“ಎಸ್ಟು ದಿನ ಆಯ್ತು ಮಾವ? ನಾನ್ ಕೇಳ್ನಿಲ್ವಾ?”

ಆ ಸಂಜೆಯೇ ಗುಂಡ್ಲುಪೇಟೆಯ ಡಾಕ್ಟರು ಇಂಜೆಕ್ಷನ್ ಕೊಟ್ಟು, ಬೆಳಗಾಗುತ್ತಲೇ ಚಾಮರಾಜನಗರಕ್ಕೆ ಕರೆದೊಯ್ಯಲು ಹೇಳಿದರು. ಶುಭ ಶುಕ್ರವಾರ ಬೆಳಗಿನ ಮೊದಲ ಬಸ್ಸು, ಅವಳು ದಿನಾ ಹೋಗುವ ಬಸ್ಸು. ಕಂಡಕ್ಟರ್ ಅವಳನ್ನು ನೋಡಿ ಮುಂದಿನ ಸೀಟು ಬಿಡಿಸಿಕೊಟ್ಟ. ಅಂತೋಣಿ ನನ್ನನ್ನು ಹಿಡಿದುಕೊಂಡ. ತೆರಕಣಾಂಬಿ ದಾಟಿ ಚಾಮರಾಜನಗರ ಸೇರುವವರೆಗೂ ಅವಳು ನನ್ನ ಕಾಲನ್ನು ತೊಡೆಯಿಂದ ಕೆಳಗಿಳಿಸಲಿಲ್ಲ.

ಮಧ್ಯಾಹ್ನ ಕಿರುಬೆರಳು ತೆಗೆದರು. ಆದರೆ ಕೆಂಪು ಊತ ಆಗಲೇ ಹಿಮ್ಮಡಿ ದಾಟಿತ್ತು. ಡಾಕ್ಟರಮ್ಮ ಬಾಲ್ ಪೆನ್ನಿನಲ್ಲಿ ನನ್ನ ಮೀನಖಂಡದ ಮೇಲೆ ಒಂದು ಗೆರೆ ಎಳೆದರು. “ಇಂಜೆಕ್ಷನ್ ಹಾಕ್ತಾ ಇದೀವಿ. ಭಾನುವಾರದ ಒಳಗೆ ಕೆಂಪು ಈ ಗೆರೆ ದಾಟಿದರೆ ಮಂಡಿಯ ಕೆಳಗೆ ತೆಗೀಬೇಕಾಗುತ್ತೆ ಸರ್” ಎಂದರು. ಮಕ್ಕಳ ತಪ್ಪಿನ ಕೆಳಗೆ ಗೆರೆ ಎಳೆದೇ ಬದುಕು ಕಳೆದವನು ನಾನು. ಈಗ ನನ್ನ ಕಾಲಿನ ಮೇಲೇ ಗೆರೆ ಬಿದ್ದಿತ್ತು.

ಶನಿವಾರ ಬೆಳಿಗ್ಗೆ ಜ್ವರ ಏರಿತು. ಕೆಂಪು ಬಂದು ಗೆರೆಗೆ ತಾಗಿತು. ಆಗ ನನ್ನ ಬಾಯಿಂದ ಬಂದದ್ದು ಪ್ರಾರ್ಥನೆಯಲ್ಲ, ಜಗಳ. ‘ನಿನ್ನ ಗುಡಿಯಲ್ಲಿ ಇಷ್ಟು ವರ್ಷ ದುಡಿದದ್ದಕ್ಕೆ ಇದೋ ಕೂಲಿ? ಊರೆಲ್ಲರ ಮುಂದೆ ನನ್ನ ಮಾನ ತೆಗೆದೆ, ಈಗ ಕಾಲೂ ಬೇಕೋ? ನಿನ್ನ ಸಹವಾಸವೇ ಸಾಕು’ ಎಂದು ಕೊರಳಿನ ಜಪಸರ ತೆಗೆದು ದಿಂಬಿನ ಕೆಳಗೆ ತುರುಕಿದೆ. ಜಟ್ಟಿ ಕೆಳಕ್ಕೆ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ.

ಅದೇ ಹೊತ್ತಿಗೆ, ಹಿಂದೆ ನಮ್ಮ ಶಾಲೆಯಲ್ಲಿ ಗುಮಾಸ್ತರಾಗಿದ್ದ ಹರವೆಯ ಮಹದೇವಪ್ಪನವರು ಸುದ್ದಿ ಕೇಳಿ ಎಳನೀರು ಹಿಡಿದು ಬಂದರು. ಜಯಮೇರಿ ಡ್ಯೂಟಿಯಲ್ಲಿದ್ದಳು. ನನ್ನ ಮಂಚದ ಕೆಳಗೆ ಬಗ್ಗಿ ಫಿನಾಯಿಲ್ ಹಾಕಿ ಒರೆಸುತ್ತಿದ್ದಳು. ಮಹದೇವಪ್ಪನವರು ಅವಳನ್ನೇ ನೋಡಿದರು.

“ಏನ್ ಸಾ, ನಿಮ್ ಸೊಸೆ ನರ್ಸು ಅಂದಿದ್ರಲ್ಲ?”

ನಾನು ಗೋಡೆಯ ಕಡೆ ತಿರುಗಿದೆ. ಒರೆಸುವ ಸದ್ದು ನಿಂತಿತು. ನನ್ನ ಸುಳ್ಳು ಅವಳಿಗೆ ಗೊತ್ತಾದದ್ದೇ ಆಗ. ಆದರೂ ಅವಳು ನಗುತ್ತಲೇ ಹೇಳಿದಳು: “ಇಲ್ಲಿ ಎಲ್ಲಾ ಕೆಲ್ಸಾನೂ ಮಾಡ್ತೀವಿ ಕಣಣ್ಣ ನಾವು. ಮಾವಂಗೆ ಜರ ಜಾಸ್ತಿ ಆಗದೆ, ಮಾತಾಡುಸ್ಬ್ಯಾಡಿ.”

ನನ್ನ ಮಾನಕ್ಕೆ ಅವಳು ಸೆರಗು ಹೊದಿಸಿದಳು. ಮಹದೇವಪ್ಪನವರು ಹೋದ ಮೇಲೆ ನಾನು ಅತ್ತುಬಿಟ್ಟೆ. ಹೆಂಡತಿ ಸತ್ತಾಗಲೂ ಎದುರಿಗೆ ಜನರಿದ್ದಾರೆಂದು ಅಳು ನುಂಗಿಕೊಂಡಿದ್ದವನು, ಒಂದು ವಾರ್ಡು ಜನರ ಮುಂದೆ ಅತ್ತೆ.

“ಜಯಮೇರಿ, ನನ್ನ ಕೈಲಿ ಪ್ರಾರ್ಥನೆ ಆಗ್ತಿಲ್ಲಮ್ಮ. ನೀನು ಮಾಡು. ಜೋರಾಗಿ ಮಾಡು. ನಾನು ತಿದ್ದಲ್ಲ.”

ಅವಳು ಕೈ ತೊಳೆದುಕೊಂಡು ಬಂದು ಆ ಗೆರೆಯ ಮೇಲೆ ಅಂಗೈ ಇಟ್ಟಳು.

“ಯೇಸಪ್ಪ, ನಮ್ ಮಾವುನ್ ಕಾಲ ಉಳ್ಸ್‌ಕೊಡಪ್ಪ. ಅವ್ರಿಗೆ ಯಾರ್ ಕೈಲೂ ಮಾಡುಸ್ಕಂಡು ಅಬ್ಯಾಸ ಇಲ್ಲ, ಕ್ವಾಪ ಮಾಡ್ಕಬ್ಯಾಡ. ಬೈತಾರೆ ನಿಜ. ಆದ್ರೆ ನಾನು ಬಸ್ ಇಳ್ದು ಬರಗಂಟ ಬಾಗ್ಲಲ್ಲೇ ಕುಂತಿರ್ತಾರೆ. ಒಂದಿನಾನೂ ಒಳಿಕ್ಕೋಗಿಲ್ಲ. ಅದ್ ನಿಂಗೊತ್ತಲ್ಲ ಯೇಸಪ್ಪ.”

ಅದು ಯಾರಿಗೂ ಗೊತ್ತಿಲ್ಲವೆಂದು ನಾನಂದುಕೊಂಡಿದ್ದೆ. ಪೇಪರ್ ಓದುವ ನೆಪದಲ್ಲಿ ಕುಳಿತಿರುತ್ತಿದ್ದೆ. ಗಾಯವನ್ನು ಬಚ್ಚಿಟ್ಟ ಹಾಗೆ ಆ ಪ್ರೀತಿಯನ್ನೂ ಬಚ್ಚಿಟ್ಟಿದ್ದೆ. ಅವಳು ಎರಡನ್ನೂ ಕಂಡುಹಿಡಿದಿದ್ದಳು. ದಿಂಬಿನ ಕೆಳಗಿನ ಜಪಸರ ತೆಗೆದು ಮತ್ತೆ ಕೊರಳಿಗೆ ಹಾಕಿಕೊಂಡೆ. “ಪ್ರಭುವೇ, ನಿನ್ನಿಷ್ಟ. ಯಾರಿಗೆ ಬೇಕಾದರೂ ಗೊತ್ತಾಗಲಿ” ಎಂದೆ.

ಭಾನುವಾರ, ಪುನರುತ್ಥಾನದ ಬೆಳಿಗ್ಗೆ, ಡಾಕ್ಟರಮ್ಮ ಬಂದು ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಕೆಂಪು ಗೆರೆಯಿಂದ ಎರಡು ಬೆರಳು ಕೆಳಗಿಳಿದಿತ್ತು. ಜ್ವರ ಬಿಟ್ಟಿತ್ತು. “ಕಾಲು ಉಳೀತು ಸರ್. ಇನ್ನೆರಡು ದಿನ ತಡ ಆಗಿದ್ದರೆ ಕಷ್ಟ ಇತ್ತು” ಎಂದರು. ಔಷಧ ಕೆಲಸ ಮಾಡಿತು, ಡಾಕ್ಟರ ಕೈಗುಣ ದೊಡ್ಡದು, ಅದನ್ನು ಮರೆಯುವವನಲ್ಲ. ಆದರೆ ನನ್ನ ಪ್ರಾರ್ಥನೆಯನ್ನು ದೇವರು ನಾನು ಕೇಳಿದಂತೆಯೇ ನಡೆಸಿಕೊಟ್ಟಿದ್ದರೆ, ಯಾರಿಗೂ ಗೊತ್ತಾಗದ ಹಾಗೆ ನಾನು ಗುಟ್ಟಾಗಿ ಸತ್ತಿರುತ್ತಿದ್ದೆ. ನನ್ನ ಷರತ್ತನ್ನು ಮುರಿದೇ ಅವನು ನನ್ನನ್ನು ಉಳಿಸಿದ. ಆ ಬೋಗುಣಿ ಉರುಳಿದ ಸದ್ದೇ ಅವನ ಉತ್ತರವಾಗಿತ್ತು ಎಂದು ಈಗ ನಂಬುತ್ತೇನೆ.

ಈ ವರ್ಷ ಹನ್ನೆರಡು ಮಂದಿಯ ಪಟ್ಟಿ ಮಾಡಲು ಗುರುಗಳು ಮನೆಗೆ ಬಂದಾಗ, ನನ್ನ ಕುರ್ಚಿಯನ್ನು ಸೊಸೆಗೆ ಕೊಡಿ ಎಂದು ಕೇಳಿಕೊಂಡೆ. ಅವರು ನಕ್ಕು ಒಪ್ಪಿದರು. “ಹೆಸರು ಜಯಮೇರಿ, ದೊಡ್ಡಾಸ್ಪತ್ರೆಯಲ್ಲಿ ಆಯಾ ಅಂತ ಬರ್ಕೊಳಿ ಫಾದರ್” ಎಂದೆ. ಅವಳು ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಕೇಳಿಸಿತೆಂದು ನನಗೆ ಗೊತ್ತು, ಯಾಕೆಂದರೆ ಪಾತ್ರೆ ಸದ್ದು ನಿಂತಿತು.

ಗುರುವಾರ ಸಂಜೆ ಬಸ್ಸಿಳಿದು ಅವಳು ನೇರ ಗುಡಿಗೇ ಬಂದಳು. ಮನೆಯಲ್ಲಿ ಕಾಲುಜ್ಜಿಕೊಳ್ಳಲು ಹೊತ್ತೇ ಇರಲಿಲ್ಲ. ಧೂಳು ಮೆತ್ತಿದ ಪಾದ, ಫಿನಾಯಿಲ್ ನೀರಿನಲ್ಲಿ ನಿಂತು ನಿಂತು ಒಡೆದ ಹಿಮ್ಮಡಿ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಆ ಹಿಮ್ಮಡಿಯನ್ನು ನೋಡಿರಲಿಲ್ಲ. ನಮ್ಮ ಗುಡಿಯಲ್ಲಿ ಬಹಳ ವರ್ಷಗಳ ಮೇಲೆ ಅಂದು ನಿಜವಾಗಿ ಕೊಳೆಯಾದ ಕಾಲೊಂದು ತೊಳೆಯಲು ಸಿಕ್ಕಿತು.

ನಾಲ್ಕು ಬೆರಳಿನ ಕಾಲೂರಿ, ಗುರುಗಳ ಪಕ್ಕದಲ್ಲಿ ಬೋಗುಣಿ ಹಿಡಿದು ಬಗ್ಗಿದವನು ನಾನೇ. ಅವಳು ನಾಚುತ್ತಾ ಬಲಗಾಲನ್ನು ಮುಂದಿಟ್ಟಳು. ಬೋಗುಣಿ ಒಂದು ಕಡೆ ವಾಲಿ ನೀರು ತುಳುಕಿತು. ಅವಳು ತಗ್ಗಿದ ದನಿಯಲ್ಲಿ ಹೇಳಿದಳು:

“ಉಸಾರು ಮಾವ. ಈ ಸಲಾನೂ ಉರುಳುಸ್ಬುಟ್ಟೀರಿ.”

“ಆ ಕಾಲೂ ಕೊಡಮ್ಮ” ಎಂದೆ.